ಮೂವತ್ತು ಸೆಕೆಂಡಿನ ಟೈಮ್‌ಔಟ್, ಒಂದು ಮುರಿದ ಕೈ

ಆಟಗಾರ ಹೊಡೆದರೆ ಕೋಚ್ ಎಷ್ಟು ಹೊಣೆ? ಈ ಪ್ರಶ್ನೆ ಎದ್ದದ್ದು ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ. ಯಾವ ತಾಲ್ಲೂಕು, ಯಾವ ಶಾಲೆ ಅಂತ ಬರೆಯುವುದಿಲ್ಲ. ಹುಡುಗರು ಇನ್ನೂ ಓದುತ್ತಿದ್ದಾರೆ, ಊರು ಸಣ್ಣದು. ಹೆಸರಿನ ಬದಲು ಜರ್ಸಿ ನಂಬರ್ ಹಾಕುತ್ತೇನೆ. ಸ್ಕೋರ್‌ಶೀಟ್ ಬರೆಯುವವನಿಗೆ ಹುಡುಗರು ಹೇಗೂ ನಂಬರೇ.

ಅವತ್ತು ಸ್ಕೋರರ್ ಆಗಿದ್ದವನು ನಾನು. ಆಮೇಲೆ ವಿಚಾರಣೆಗೆ ಕೂತ ಮೂವರಲ್ಲಿ ಒಬ್ಬನೂ ನಾನೇ. ಈ ಎರಡು ಕೆಲಸ ಒಬ್ಬನೇ ಮಾಡಬಾರದು. ಮಾಡಿದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ.

ಆ ದಿನ

ಆಗಸ್ಟ್ ಕೊನೆಯ ವಾರ. ಪ್ರೌಢಶಾಲೆ ಬಾಲಕರ ತಾಲ್ಲೂಕು ಮಟ್ಟದ ವಾಲಿಬಾಲ್ ಫೈನಲ್. ಹಿಂದಿನ ರಾತ್ರಿ ಮಳೆ ಬಂದಿತ್ತು. ನಮ್ಮ ಎರೆಮಣ್ಣು ಗೊತ್ತಲ್ಲ, ಒಂದು ಮಳೆ ಬಿದ್ದರೆ ಹೆಜ್ಜೆಗೊಂದು ಸೇರು ಕಾಲಿಗೆ ಅಂಟುತ್ತದೆ. ಬೆಳಿಗ್ಗೆ ಎರಡು ಟ್ರಾಲಿ ಮೊರಂ ಹಾಕಿಸಿ, ರೋಲರ್ ಎಳೆಸಿ, ಸುಣ್ಣದ ಗೆರೆ ಹಾಕಿದ್ದೆವು. ಮಧ್ಯಾಹ್ನ ಮೂರರ ಹೊತ್ತಿಗೆ ಅದು ಅರ್ಧ ಅಳಿಸಿತ್ತು. ಗೆರೆ ಯಾವುದು, ಕಾಲು ಎಳೆದ ಗುರುತು ಯಾವುದು ಅಂತ ಬಗ್ಗಿ ನೋಡಬೇಕಿತ್ತು.

ಕೋರ್ಟಿನ ಒಂದು ಮೂಲೆಯಲ್ಲಿ ಫರಸಿ ಕಲ್ಲು ಒಟ್ಟಿದ್ದರು. ಶಾಲೆಯ ಹೊಸ ಕೋಣೆಗೆ ತರಿಸಿದ್ದು, ಶಹಾಬಾದಿನ ಕಲ್ಲು, ಮೊಣಕಾಲೆತ್ತರ. ಜನ ಅದರ ಮೇಲೆ ಕೂತು ಆಟ ನೋಡುತ್ತಿದ್ದರು. ನಿಯಮದ ಪ್ರಕಾರ ಗೆರೆಯಿಂದಾಚೆ ಕನಿಷ್ಠ 3 ಮೀಟರ್ ಖಾಲಿ ಇರಬೇಕು. ಆ ಮೂಲೆಯಲ್ಲಿ 2 ಮೀಟರ್ ಕೂಡ ಇರಲಿಲ್ಲ. ನಾನೂ ನೋಡಿದ್ದೆ. ‘ಇರ್ಲಿ ಬಿಡ್ರಿ, ಜನಕ್ಕೆ ಕೂರಾಕ ಆಗ್ತದ’ ಅಂತ ಯಾರೋ ಅಂದರು. ನಾನೂ ಹೂಂ ಅಂದೆ.

ಮೊದಲ ಸೆಟ್ ಅವರದು, ಎರಡನೆಯದು ಇವರದು. ‘ಇವರು’ ಅಂದರೆ ಈ ಪ್ರಕರಣದ ಶಾಲೆ. ನಿರ್ಣಾಯಕ ಸೆಟ್ 15 ಅಂಕದ್ದು. ಇವರ ತಂಡದ ಸ್ಮ್ಯಾಶರ್ 6ನೇ ನಂಬರ್. ಉದ್ದ ಕೈಕಾಲಿನ ಹುಡುಗ, ಹತ್ತನೇ ಕ್ಲಾಸು, ಬರಿಗಾಲಲ್ಲೇ ಆಡುತ್ತಿದ್ದ. ನೆಟ್ ಮೇಲಿಂದ ಅವನ ಮೊಣಕೈ ಕಾಣುತ್ತಿತ್ತು ಅಂದರೆ ಅಂದಾಜು ಮಾಡಿ. ಎರಡನೇ ಸೆಟ್‌ನಲ್ಲಿ ಒಂದು ತೀರ್ಪು ತನ್ನ ವಿರುದ್ಧ ಹೋಯಿತು ಅಂತ ಚೆಂಡನ್ನು ಒದ್ದು ಜನರ ನಡುವೆ ಕಳಿಸಿದ್ದ. ರೆಫ್ರಿ ನಾಯಕನನ್ನು ಕರೆದು ಬುದ್ಧಿ ಹೇಳಿ ಬಿಟ್ಟರು. ಕಾರ್ಡ್ ತೆಗೆಯಲಿಲ್ಲ.

10–12ರಲ್ಲಿ ಇವರ ಕೋಚ್ ಟೈಮ್‌ಔಟ್ ಕೇಳಿದ. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ಆ ಶಾಲೆಯಲ್ಲಿ ಪಿಟಿ ಮಾಸ್ತರ್ ಹುದ್ದೆ ಖಾಲಿ. ಇವನು ಸಮಾಜ ವಿಜ್ಞಾನದ ಅತಿಥಿ ಶಿಕ್ಷಕ, ಕಾಲೇಜಿನಲ್ಲಿ ವಾಲಿಬಾಲ್ ಆಡಿದವನು. ಸಂಜೆ ಐದರಿಂದ ಆರೂವರೆ ತನಕ ಹುಡುಗರನ್ನು ಆಡಿಸುತ್ತಿದ್ದ. ಅದಕ್ಕೆ ಬೇರೆ ದುಡ್ಡಿಲ್ಲ.

ಸ್ಕೋರರ್ ಟೇಬಲ್ಲಿನಿಂದ ಅವರ ಬೆಂಚು ನಾಲ್ಕು ಮಾರು ದೂರ. ಟೈಮ್‌ಔಟ್ 30 ಸೆಕೆಂಡು. ಹುಡುಗರು ಸುತ್ತ ನಿಂತರು, ಒಬ್ಬ ನೀರಿನ ಬಾಟಲಿ ತಲೆ ಮೇಲೆ ಸುರಿದುಕೊಂಡ. ಕೋಚ್ ಹೇಳಿದ್ದು ನನಗೆ ಕೇಳಿಸಿತು: ‘ಕಾಲ್ ಜಾರ್ತಾವ, ಹುಷಾರ್. ಲಿಫ್ಟ್ ಸ್ವಲ್ಪ ಎತ್ತರ ಕೊಡು. ಮತ್ತ ಆ ಲೈನ್ ಹುಡುಗನ್ನ ನೋಡ್ಕೋರಿ.’

ಲೈನ್ ಹುಡುಗ ಅಂದರೆ ಲೈನ್‌ಮನ್. ಪಂದ್ಯ ನಡೆಸಿದ ಶಾಲೆಯ ಹಳೆ ವಿದ್ಯಾರ್ಥಿ, ಆ ವರ್ಷವೇ ಪಿಯುಸಿ ಸೇರಿದ್ದ. ತಾಲ್ಲೂಕು ಮಟ್ಟದಲ್ಲಿ ಲೈನ್‌ಮನ್‌ಗಳು ಇಂಥ ಹುಡುಗರೇ. ಒಂದು ಊಟ, ಒಂದು ಟೀ ಶರ್ಟ್, ಕೈಯಲ್ಲೊಂದು ಫ್ಲ್ಯಾಗ್.

12–13. 6ನೇ ನಂಬರ್ ಎದುರಾಳಿಯ ಹಿಂದಿನ ಮೂಲೆಗೆ ಹೊಡೆದ. ಚೆಂಡು ಗೆರೆ ಇದ್ದ, ಅಥವಾ ಇರಬೇಕಾಗಿದ್ದ ಜಾಗದಲ್ಲಿ ಬಿತ್ತು. ಲೈನ್‌ಮನ್ ಫ್ಲ್ಯಾಗ್ ಮೇಲೆತ್ತಿದ. ಔಟ್. 12–14.

6ನೇ ನಂಬರ್ ಕಂಬದ ಪಕ್ಕದಿಂದ ಆ ಕಡೆಗೆ ಓಡಿದ. ಎಂಟೊಂಬತ್ತು ಮೀಟರ್ ಇರಬಹುದು. ಎರಡು ಸೆಕೆಂಡು, ಜಾಸ್ತಿ ಅಂದ್ರೆ ಮೂರು. ಎರಡೂ ಕೈಯಿಂದ ಲೈನ್‌ಮನ್ ಎದೆಗೆ ನೂಕಿದ. ಅವನು ಹಿಂದಕ್ಕೆ ಹೋದ, ಹಿಮ್ಮಡಿ ಫರಸಿಗೆ ತಾಗಿತು, ಬಲಗೈ ಹಿಂದೆ ಊರಿ ಬಿದ್ದ. ಕೂಗು ದೊಡ್ಡದಾಗಿ ಬರಲಿಲ್ಲ. ‘ಅವ್ವಾ’ ಅಂದ, ಅಷ್ಟೇ. ಮಣಿಕಟ್ಟು ಇರಬೇಕಾದ ಹಾಗೆ ಇರಲಿಲ್ಲ.

ರೆಫ್ರಿ ಕೆಂಪು, ಹಳದಿ ಎರಡೂ ಕಾರ್ಡ್ ಬೇರೆ ಬೇರೆ ಕೈಯಲ್ಲಿ ಹಿಡಿದು ತೋರಿಸಿದರು. ಪಂದ್ಯದಿಂದಲೇ ಹೊರಗೆ ಅಂತ ಅರ್ಥ. ನಾನು ಶಿಕ್ಷೆಯ ಕಾಲಂನಲ್ಲಿ 6 ಅಂತ ಬರೆದೆ. 11ನೇ ನಂಬರಿನ ಒಂಬತ್ತನೇ ಕ್ಲಾಸ್ ಹುಡುಗ ಬದಲಿಗೆ ಬಂದ. ಅಂಗಿ ಅವನಿಗೆ ಮೊಣಕಾಲ ತನಕ ಇತ್ತು.

ಇಷ್ಟರಲ್ಲಿ ಕೋಚ್ ತನ್ನ ಟವೆಲ್ಲಿನಿಂದ ಆ ಹುಡುಗನ ಕೈ ಕಟ್ಟಿ, ಯಾರದೋ ಟಂಟಂ ಹತ್ತಿಸಿ ತಾಲ್ಲೂಕು ಆಸ್ಪತ್ರೆಗೆ ಹೊರಟಿದ್ದ. ಬೆಂಚಿನಲ್ಲಿ ದೊಡ್ಡವರು ಅಂತ ಯಾರೂ ಉಳಿಯಲಿಲ್ಲ. ಹುಡುಗರೇ ಆಡಿದರು. ಎದುರಾಳಿ ಹುಡುಗರ ಕೈ ನಡುಗುತ್ತಿತ್ತು, ಸರ್ವಿಸ್ ನೆಟ್‌ಗೆ ಹೋಯಿತು. 13–14, 14–14, 15–14. ಆಮೇಲೆ 16–14.

ಹೊಡೆದವರು ಗೆದ್ದಿದ್ದರು.

ದೂರು

ಮರುದಿನ ಸೋತ ಶಾಲೆಯ ಹೆಡ್ ಮಾಸ್ತರ್ ಪತ್ರ ಕೊಟ್ಟರು. ಗೆದ್ದ ತಂಡವನ್ನು ಜಿಲ್ಲಾ ಮಟ್ಟಕ್ಕೆ ಕಳಿಸಬಾರದು, ಕೋಚ್ ಮೇಲೆ ಕ್ರಮ ಆಗಬೇಕು. ಕೈ ಮುರಿದ ಹುಡುಗನ ಬಗ್ಗೆ ಪತ್ರದಲ್ಲಿ ಇದ್ದದ್ದು ಒಂದೇ ಸಾಲು.

ಪತ್ರಕ್ಕಿಂತ ಮೊದಲೇ ವಿಡಿಯೊ ಎಲ್ಲರ ಮೊಬೈಲಿಗೆ ಬಂದಿತ್ತು. ನೂಕುವಲ್ಲಿಂದ ಶುರುವಾಗಿ, ಹುಡುಗ ಬೀಳುವಲ್ಲಿಗೆ ಮುಗಿಯುವ ತುಣುಕು. ಟೈಮ್‌ಔಟ್ ಅದರಲ್ಲಿಲ್ಲ. ಟವೆಲ್ ಕಟ್ಟಿದ್ದೂ ಇಲ್ಲ. ಅದರ ಕೆಳಗೆ ಬಂದ ಮಾತುಗಳಲ್ಲಿ ಮುಕ್ಕಾಲು ಪಾಲು ಕೋಚ್ ಮೇಲೆ. ‘ಗುರು ಸರಿ ಇದ್ದಿದ್ದರೆ ಶಿಷ್ಯ ಹಿಂಗ್ಯಾಕ್ ಆಗ್ತಿದ್ದ?’

ಈ ಮಾತಿಗೆ ಒಂದು ಬಲ ಇದೆ, ಇಲ್ಲ ಅನ್ನಲಾರೆ. ತಂಡ ಗೆದ್ದಾಗ ನಾವು ಹಾರ ಹಾಕುವುದು ಕೋಚ್‌ಗೂ ಹೌದು. ದೇಶದಲ್ಲಿ 1985ರಿಂದ ದ್ರೋಣಾಚಾರ್ಯ ಪ್ರಶಸ್ತಿ ಕೊಡುತ್ತಿದ್ದಾರೆ, ಶಿಷ್ಯರ ಸಾಧನೆಗಾಗಿ ಗುರುಗಳಿಗೆ. ಪದಕದಲ್ಲಿ ಪಾಲಿದ್ದರೆ ಪೆಟ್ಟಿನಲ್ಲೂ ಪಾಲಿರಬೇಡವೇ?

ಆದರೆ ಆ ದ್ರೋಣನನ್ನೇ ನೋಡಿ. ಅರ್ಜುನನಿಗೂ ದುರ್ಯೋಧನನಿಗೂ ಒಬ್ಬನೇ ಕೋಚ್. ಒಂದೇ ಅಂಗಳ, ಒಂದೇ ಪಾಠ. ಕೌರವರು ಮಾಡಿದ್ದಕ್ಕೆಲ್ಲ ‘ನೀನೇ ಕಲಿಸಿದ್ದು’ ಅಂತ ನಮ್ಮ ಹಳ್ಳಿಯ ಯಾವ ಬಯಲಾಟದವರೂ ದ್ರೋಣನನ್ನು ಹಿಡಿಯುವುದಿಲ್ಲ. ಹಿಡಿಯುವುದು ಬೇರೆ ಜಾಗದಲ್ಲಿ. ದುಶ್ಶಾಸನ ಸೀರೆಗೆ ಕೈ ಹಾಕಿದಾಗ ಈ ಗುರು ಅದೇ ಸಭೆಯಲ್ಲಿ ಕೂತಿದ್ದ, ಮೇಲೇಳಲಿಲ್ಲ. ಅಲ್ಲಿ ಹಿಡಿಯುತ್ತಾರೆ.

ವಿಚಾರಣೆ

ಮೂವರ ಸಮಿತಿ ಆಯಿತು. ಬೇರೊಂದು ಶಾಲೆಯ ಹೆಡ್ ಮಾಸ್ತರ್ ಒಬ್ಬರು, ಒಬ್ಬ ಪಿಟಿ ಟೀಚರ್, ನಾನು. ‘ಟೈಮ್‌ಔಟ್ ಮಾತು ನನ್ನ ಕಿವಿಗೆ ಬಿದ್ದದ, ನಾನು ಸಾಕ್ಷಿ ಆಗ್ತೀನಿ, ಸಮಿತಿ ಬ್ಯಾಡ’ ಅಂದೆ. ‘ಎರಡೂ ಆಗ್ರಿ. ಈಗ ಮತ್ತ್ಯಾರನ್ನ ಹುಡುಕೋದು?’ ಅಂದರು ಹೆಡ್ ಮಾಸ್ತರ್. ಒಪ್ಪಿದ್ದು ನನ್ನ ತಪ್ಪು.

ಮೊದಲು ಬಂದವನು 6ನೇ ನಂಬರ್, ತನ್ನ ಮುತ್ಯಾನ, ಅಂದರೆ ಅಜ್ಜನ ಜೊತೆ. ಅಪ್ಪ ಅವ್ವ ಪುಣೆಗೆ ದುಡಿಯಲು ಹೋಗಿದ್ದರು. ಕೋರ್ಟಿನಲ್ಲಿ ಅಷ್ಟು ಎತ್ತರ ಕಂಡ ಹುಡುಗ ಆಫೀಸ್ ರೂಮಿನಲ್ಲಿ ಕುಗ್ಗಿ ಅರ್ಧ ಆಗಿದ್ದ.

‘ಯಾಕ ನೂಕಿದಿ?’

‘ಸರ್ ಅಂದಿದ್ರು, ಲೈನ್ ಹುಡುಗನ್ನ ನೋಡ್ಕೋರಿ ಅಂತ.’

ಟೀಚರ್ ಮೆಲ್ಲಗೆ ಕೇಳಿದರು. ‘ನೋಡ್ಕೋರಿ ಅಂದ್ರ ಹೊಡೀರಿ ಅಂತೇನಪ್ಪಾ?’

ಹುಡುಗ ಬಹಳ ಹೊತ್ತು ನೆಲ ನೋಡಿದ. ‘ಹೊಡೀರಿ ಅಂತ ಹೇಳಿಲ್ರಿ ಟೀಚರ್. ಆದ್ರ ಸರ್‌ಗೂ ಸಿಟ್ಟು ಬಂದಿತ್ರಿ. ಅದು ನನಗ ಗೊತ್ತಿತ್ತು.’

ಇಡೀ ವಿಚಾರಣೆಯಲ್ಲಿ ನನ್ನ ಮನಸ್ಸಿನಲ್ಲಿ ಉಳಿದ ಮಾತು ಇದೊಂದೇ.

ನಮ್ಮ ಭಾಷೆಯಲ್ಲಿ ‘ನೋಡ್ಕೋ’ ಅನ್ನುವುದಕ್ಕೆ ಮೂರು ಮುಖ. ಕೂಸನ್ನು ನೋಡ್ಕೋ ಅಂದರೆ ಜೋಪಾನ. ದಾರಿ ನೋಡ್ಕೊಂಡು ಹೋಗು ಅಂದರೆ ಎಚ್ಚರ. ನಿನ್ನ ನೋಡ್ಕೋತೀನಿ ಅಂದರೆ ಬೆದರಿಕೆ. ಯಾವುದು ಅಂತ ಶಬ್ದ ಹೇಳುವುದಿಲ್ಲ, ದನಿ ಹೇಳುತ್ತದೆ. ಕೋಚ್ ಬಂದಾಗ ಇದನ್ನೇ ಕೇಳಿದೆವು.

‘ಆ ಹುಡುಗ ಗೆರೆ ಮ್ಯಾಲ ಬಿದ್ದದ್ದೆಲ್ಲ ಔಟ್ ಕೊಡ್ತಿದ್ದ ಸರ್. ಅವನ ಫ್ಲ್ಯಾಗ್ ಲಕ್ಷ್ಯದಾಗ ಇಟ್ಟು ಒಂದು ಮೊಳ ಒಳಗ ಹೊಡೀರಿ ಅನ್ನೋ ಅರ್ಥದಾಗ ಅಂದೆ.’

‘ಹಂಗಂತ ಬಿಡಿಸಿ ಹೇಳಿದ್ರೇನು?’

‘ಇಲ್ರಿ. ಟೈಮ್ ಎಲ್ಲಿತ್ತು?’

‘ಸಿಟ್ಟು ಬಂದಿತ್ತೇನು?’

‘ಬಂದಿತ್ರಿ.’ ಸುಳ್ಳು ಹೇಳಲಿಲ್ಲ.

ನಾನು ನಂಬಿದೆ. ಇವತ್ತಿಗೂ ನಂಬುತ್ತೇನೆ. ಹಾಗಂತ ನಂಬುವುದಕ್ಕೆ ನನ್ನದೇ ಸ್ವಾರ್ಥವೂ ಇತ್ತು. ಆ ಮಾತು ಕಿವಿಗೆ ಬಿದ್ದಾಗ ನನಗೆ ಏನೂ ಅನಿಸಿರಲಿಲ್ಲ. ಯಾಕೆ ಅನಿಸಲಿಲ್ಲ ಅಂತ ಮನೆಗೆ ಬಂದು ಯೋಚಿಸಿದೆ. ಅದನ್ನು ಕೋಚ್ ಆಗಿ ನಾನೇ ನೂರು ಸಲ ಆಡಿದ್ದೇನೆ. ‘ಆ ನಾಲ್ಕು ನಂಬರ್ ಜಾಸ್ತಿ ಹಾರಾಡ್ತಾನ, ಸ್ವಲ್ಪ ನೋಡ್ಕೋರಿ.’ ನನ್ನ ಹುಡುಗರು ಯಾರ ಕೈಯನ್ನೂ ಮುರಿಯಲಿಲ್ಲ. ನಾನು ಒಳ್ಳೆ ಕೋಚ್ ಆಗಿದ್ದಕ್ಕೋ, ಅಲ್ಲಿ ಫರಸಿ ಇರಲಿಲ್ಲ ಅನ್ನುವುದಕ್ಕೋ?

ಆಮೇಲೆ ಕೋಚ್ ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದ. ರಟ್ಟಿನ ಮೇಲೆ ‘ಪ್ರಾಕ್ಟೀಸ್’ ಅಂತ ಸ್ಕೆಚ್ ಪೆನ್ನಿನ ಅಕ್ಷರ. ದಿನಾ ಯಾರು ಬಂದರು, ಯಾರು ಬರಲಿಲ್ಲ, ಯಾರ ಕಾಲು ಉಳುಕಿದೆ ಎಲ್ಲ ಅದರಲ್ಲಿ. ಫೈನಲ್‌ಗೆ ಎರಡು ವಾರ ಮೊದಲಿನ ಪುಟ ತೆರೆದು ಮೇಜಿನ ಮೇಲಿಟ್ಟ. ಅಲ್ಲಿತ್ತು: ‘6 – ವಲಯ ಮ್ಯಾಚಿನಲ್ಲಿ ಎದುರಿನವನ ಕಾಲರ್ ಹಿಡಿದ. 3 ದಿನ ಗ್ರೌಂಡಿಗೆ ಬರಬೇಡ ಅಂದಿದ್ದೇನೆ. ತಾಲ್ಲೂಕಿಗೆ ಬೇಡ ಅಂತ ಎಚ್‌ಎಂ ಸರ್‌ಗೆ ಹೇಳಿದೆ.’ ಕೆಳಗೆ ಬೇರೆ ಶಾಯಿಯಲ್ಲಿ: ‘ಆಡಿಸು ಅಂದರು.’

ಪುಟ ಆಮೇಲೆ ಬರೆದದ್ದಿರಬಹುದೇ ಅಂತ ಟೀಚರ್ ಹಿಂದೆ ಮುಂದೆ ತಿರುವಿ ನೋಡಿದರು. ಅದರ ಹಿಂಬದಿಯಲ್ಲೇ ಮರುದಿನದ ಹಾಜರಿ ಇತ್ತು, ಹುಡುಗರ ಸಹಿ ಸಮೇತ. 6ರ ಮುಂದೆ ಮೂರು ದಿನ ಖಾಲಿ.

ಆ ಶಾಲೆಯ ಹೆಡ್ ಮಾಸ್ತರ್ ಬಂದರು. ‘ಹೇಳಿರಬಹುದು, ಬಾಯಿಮಾತಿನಾಗ. ಲಿಖಿತ ಕೊಟ್ಟಿಲ್ಲ. ಎಸ್‌ಡಿಎಂಸಿಯವರೂ ಅವನನ್ನ ಆಡಸ್ರಿ ಅಂದ್ರು, ಅವನಿಲ್ದ ಟೀಮೆಲ್ಲಿ ಅದ? ಲಿಸ್ಟಿಗೆ ಸಹಿ ಹಾಕಿದವರು ಕೋಚ್ ಅಲ್ರಿ?’

ಹೌದು, ಸಹಿ ಕೋಚ್‌ದು. ಪಂದ್ಯಕ್ಕೆ ಮೊದಲು ಸ್ಕೋರ್‌ಶೀಟಿನ ಆಟಗಾರರ ಪಟ್ಟಿ ನೋಡಿ ಸಹಿ ಹಾಕಬೇಕಾದವನು ಕೋಚ್. ಅವತ್ತು ಪೆನ್ನು ಕೊಟ್ಟಿದ್ದೂ ನಾನೇ. ಅತಿಥಿ ಶಿಕ್ಷಕನೊಬ್ಬ ಆ ಪೆನ್ನು ಕೆಳಗಿಟ್ಟು ‘ಈ ಹುಡುಗ ಇದ್ದರೆ ನಾನು ಸಹಿ ಹಾಕಲ್ಲ’ ಅನ್ನಬಹುದಿತ್ತು. ಅಂದಿದ್ದರೆ ಮುಂದಿನ ಜೂನ್‌ನಲ್ಲಿ ಅವನಿಗೆ ಕೆಲಸ ಇರುತ್ತಿತ್ತೇ ಅನ್ನುವುದು ಬೇರೆ ಮಾತು. ಅತಿಥಿ ಶಿಕ್ಷಕರ ನೇಮಕ ವರ್ಷಕ್ಕೊಮ್ಮೆ.

ಕೊನೆಗೆ ಲೈನ್‌ಮನ್ ಹುಡುಗನ ಅಪ್ಪ. ಫರಸಿ ಪಾಲಿಶ್ ಮಾಡುವ ಕೆಲಸ, ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಹಾಗೇ ಇತ್ತು. ಪೊಲೀಸ್ ಕೇಸ್ ಬೇಕೇ ಅಂತ ಕೇಳಿದೆವು. ಮೂಳೆ ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯ, ಬೇಕು ಅಂದಿದ್ದರೆ ಯಾರೂ ತಡೆಯುವ ಹಾಗಿರಲಿಲ್ಲ. ‘ಆ ಹುಡುಗಂದೂ ಎಸ್ಸೆಸ್ಸೆಲ್ಸಿ ಅದ ಅಂತಲ್ರಿ’ ಅಂದ. ‘ಕೇಸ್ ಬ್ಯಾಡ. ಆದ್ರ ಒಂದು ಕೇಳ್ತೀನಿ. ಮಾಸ್ತರ್ರು ಒಂದು ಮಾತು ಅಂದ್ರ ಹುಡುಗರು ಹತ್ತು ಮಾಡ್ತಾರ. ಅದು ಅವರಿಗಿ ಗೊತ್ತಿರಬೇಕಲ್ರಿ?’

ನಿಯಮ ಏನನ್ನುತ್ತದೆ

ವಾಲಿಬಾಲ್‌ನ ಅಂತರರಾಷ್ಟ್ರೀಯ ನಿಯಮಪುಸ್ತಕದ 5ನೇ ನಿಯಮ ಈ ವಿಷಯದಲ್ಲಿ ನೇರವಾಗಿದೆ. ತಂಡದವರ ನಡತೆಗೂ ಶಿಸ್ತಿಗೂ ನಾಯಕ ಮತ್ತು ಕೋಚ್ ಇಬ್ಬರೂ ಹೊಣೆ. ನಾಯಕನೂ! ಇವರ ನಾಯಕ 1ನೇ ನಂಬರ್, ಹದಿನೈದು ವರ್ಷದವನು. ಅವನನ್ನು ಯಾರೂ ಏನೂ ಕೇಳಲಿಲ್ಲ, ಕೇಳಬೇಕು ಅಂತ ಯಾರಿಗೂ ಅನಿಸಲೂ ಇಲ್ಲ. ಹೊಣೆ ಅಂತ ಹೇಳುವ ನಿಯಮ, ಆಟಗಾರ ಹೊಡೆದರೆ ಕೋಚ್‌ಗೆ ಏನು ಶಿಕ್ಷೆ ಅಂತ ಹೇಳುವುದಿಲ್ಲ. ಅಲ್ಲಿಗೆ ಸುಮ್ನಾಗುತ್ತದೆ.

ಅದೇ ಪುಸ್ತಕದಲ್ಲಿ ಇನ್ನೊಂದು ವಿಚಿತ್ರ ಇದೆ. ಆಟಗಾರ ಒರಟಾಗಿ ನಡೆದುಕೊಂಡರೆ ಬರೀ ಕೆಂಪು ಕಾರ್ಡ್, ಎದುರಾಳಿಗೆ ಒಂದು ಅಂಕ, ಸರ್ವಿಸ್ ಕೂಡ. ಮೈಮೇಲೆ ಹೋಗಿ ಹೊಡೆದರೆ ಅವನು ಹೊರಗೆ, ಬದಲಿ ಹುಡುಗ ಒಳಗೆ, ತಂಡದ ಅಂಕಕ್ಕೆ ಏನೂ ಆಗದು. ಎರಡನೇ ಸೆಟ್‌ನಲ್ಲಿ ಚೆಂಡು ಒದ್ದಾಗ ರೆಫ್ರಿ ಆ ಕೆಂಪು ಕಾರ್ಡ್ ತೆಗೆದಿದ್ದರೆ ತಂಡಕ್ಕೆ ಒಂದು ಅಂಕ ಹೋಗುತ್ತಿತ್ತು. ಕೋಚ್ ಅವನನ್ನು ಕೂರಿಸುತ್ತಿದ್ದನೋ ಏನೋ. ಕೂರಿಸಲಿಕ್ಕೆ ಒಂದು ನೆಪವಾದರೂ ಸಿಗುತ್ತಿತ್ತು.

ಫುಟ್‌ಬಾಲ್‌ನವರು ಇನ್ನೂ ಮುಂದೆ ಹೋಗಿದ್ದಾರೆ. 2019ರ ನಿಯಮ ಬದಲಾವಣೆಯ ನಂತರ, ಬೆಂಚಿನ ಕಡೆಯಿಂದ ಯಾರೋ ತಪ್ಪು ಮಾಡಿ ಅದು ಯಾರು ಅಂತ ಗೊತ್ತಾಗದಿದ್ದರೆ ಕಾರ್ಡ್ ಅಲ್ಲಿರುವ ಹಿರಿಯ ಕೋಚ್‌ಗೆ. ಕೇಳಲು ಅನ್ಯಾಯ ಅನಿಸಬಹುದು. ನನಗೆ ಅದು ಸರಿ ಅನಿಸುತ್ತದೆ. ಬೆಂಚು ಕೋಚ್‌ನ ಮನೆ ಇದ್ದ ಹಾಗೆ, ಅಲ್ಲಿಂದ ಕಲ್ಲು ಬಂದರೆ ಬಾಗಿಲು ತೆಗೆದು ಬರಬೇಕಾದವನು ಯಜಮಾನ. ಆದರೆ ಅದು ಯಾರು ಅಂತ ಗೊತ್ತಿಲ್ಲದಾಗಿನ ಮಾತು. ನಮ್ಮಲ್ಲಿ ನೂಕಿದವನು ಯಾರು ಅಂತ ಇಡೀ ತಾಲ್ಲೂಕಿಗೆ ಗೊತ್ತು.

ಟೀಚರ್ ಕ್ರಿಕೆಟಿನ ಉದಾಹರಣೆ ತಂದರು. 2018ರ ಮಾರ್ಚ್, ಕೇಪ್‌ಟೌನ್ ಟೆಸ್ಟ್, ಚೆಂಡಿಗೆ ಉಪ್ಪುಕಾಗದ ಉಜ್ಜಿದ ಪ್ರಕರಣ. ಆಸ್ಟ್ರೇಲಿಯಾದ ಆಟಗಾರರಾದ ಸ್ಮಿತ್, ವಾರ್ನರ್‌ಗೆ 12 ತಿಂಗಳು, ಬ್ಯಾಂಕ್ರಾಫ್ಟ್‌ಗೆ 9 ತಿಂಗಳು ನಿಷೇಧ. ಕೋಚ್ ಲೀಮನ್ ವಾಕಿಟಾಕಿಯಲ್ಲಿ ಮಾತಾಡಿದ್ದು ಟಿವಿಯಲ್ಲಿ ಕಂಡಿತ್ತು, ಎಲ್ಲರೂ ಅವರನ್ನೇ ಹಿಡಿದರು. ಅವರಿಗೆ ಮೊದಲೇ ಗೊತ್ತಿರಲಿಲ್ಲ ಅಂತ ತನಿಖೆ ಹೇಳಿತು, ಶಿಕ್ಷೆ ಆಗಲಿಲ್ಲ. ಆದರೂ ಕೆಲವೇ ದಿನದಲ್ಲಿ ತಾವಾಗಿ ರಾಜೀನಾಮೆ ಕೊಟ್ಟರು. ಅದೇ ಅಕ್ಟೋಬರ್‌ನಲ್ಲಿ ಹೊರಬಂದ ಸ್ವತಂತ್ರ ವರದಿ, ಹೇಗಾದರೂ ಗೆಲ್ಲಬೇಕು ಅನ್ನುವ ವಾತಾವರಣಕ್ಕೆ ಅಲ್ಲಿನ ಕ್ರಿಕೆಟ್ ಮಂಡಳಿಯನ್ನೂ ದೂರಿತು. ಸ್ವಲ್ಪ ದಿನದಲ್ಲಿ ಮಂಡಳಿಯ ಅಧ್ಯಕ್ಷರೂ ಕುರ್ಚಿ ಬಿಟ್ಟರು. ‘ನಮ್ಮಲ್ಲಿ ಆ ಮಂಡಳಿ ಯಾರು ಹೇಳ್ರಿ’ ಅಂತ ಟೀಚರ್ ನಕ್ಕರು. ಸಮಿತಿಯ ಹೆಡ್ ಮಾಸ್ತರ್ ನಗಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಅಮೆರಿಕದ್ದು. ಅಲ್ಲಿನ ಫುಟ್‌ಬಾಲ್ ಬೇರೆ, ಮೈಗೆ ಮೈ ಗುದ್ದುವ ಆಟ. ನ್ಯೂ ಆರ್ಲಿಯನ್ಸ್‌ನ ತಂಡದಲ್ಲಿ, ಎದುರಾಳಿಗೆ ಗಾಯ ಮಾಡಿ ಹೊರಗೆ ಕಳಿಸಿದರೆ ಇನಾಮು ಅನ್ನುವ ಪದ್ಧತಿ ನಡೆದಿತ್ತು. ಮುಖ್ಯ ಕೋಚ್ ಷಾನ್ ಪೇಟನ್‌ಗೆ 2012ರ ಇಡೀ ಸೀಸನ್ ನಿಷೇಧ ಆಯಿತು. ನಾಲ್ವರು ಆಟಗಾರರ ಶಿಕ್ಷೆ ಆ ಡಿಸೆಂಬರ್‌ನಲ್ಲಿ ಮೇಲ್ಮನವಿಯಲ್ಲಿ ರದ್ದಾಯಿತು, ಮೇಲಿನವರು ನಡೆಸಿದ ಪದ್ಧತಿಗೆ ಆಟಗಾರರನ್ನು ದಂಡಿಸುವುದು ಬೇಡ ಅಂತ. ಅಲ್ಲಿ ಏಟು ಕೋಚ್‌ಗಳು ನಡೆಸಿದ ಲೆಕ್ಕ. ಇಲ್ಲಿ ನೋಟ್‌ಬುಕ್ಕಿನಲ್ಲಿರುವುದು ಅದರ ಉಲ್ಟಾ.

ಹೆಡ್ ಮಾಸ್ತರ್‌ದು ಬೇರೆಯೇ ವಾದ. ‘ಕೆಕೆಆರ್‌ಟಿಸಿ ಬಸ್ ಗುದ್ದಿದ್ರ ಪರಿಹಾರ ಯಾರು ಕೊಡ್ತಾರ? ಡ್ರೈವರ್ ಅಲ್ಲ, ಸಂಸ್ಥೆ. ಹಂಗೇ ಇದು.’ ಹಾಗಲ್ಲ. ಡ್ರೈವರ್ ಸಂಸ್ಥೆಯ ಆಳು, ಸಂಬಳ ತಗೊಂಡು ಅದರ ಕೆಲಸ ಮಾಡುವಾಗ ಗುದ್ದಿದ. 6ನೇ ನಂಬರ್ ಕೋಚ್‌ನ ಆಳಲ್ಲ. ಆ ಹೋಲಿಕೆಯನ್ನು ಸರಿಯಾಗಿ ಹಚ್ಚಿದರೆ ಸಂಸ್ಥೆಯ ಜಾಗದಲ್ಲಿ ಬರುವುದು ಶಾಲೆ. ಕೋಚ್ ಹೆಚ್ಚೆಂದರೆ ಕಂಡಕ್ಟರ್.

ನನಗೆ ದಾರಿ ತೋರಿಸಿದ್ದು ಡೋಪಿಂಗ್ ವಿರೋಧಿ ನಿಯಮ, ಅಂದರೆ ಆಟಗಾರರು ನಿಷೇಧಿತ ಮದ್ದು ತಗೊಳ್ಳುವುದನ್ನು ತಡೆಯುವ ನಿಯಮ. ಎಲ್ಲಿಯ ವಾಲಿಬಾಲ್, ಎಲ್ಲಿಯ ಡೋಪಿಂಗ್ ಅನ್ನಬಹುದು. 2015ರಲ್ಲಿ ಜಾರಿಗೆ ಬಂದ ವಿಶ್ವ ಸಂಹಿತೆಯಲ್ಲಿ ಒಂದು ಮಾತಿದೆ. ಅಪ್ರಾಪ್ತ ಆಟಗಾರ ಸಿಕ್ಕಿಬಿದ್ದರೆ ಅವನ ಜೊತೆಗಿರುವ ಕೋಚ್, ಡಾಕ್ಟರ್ ಇವರ ಬಗ್ಗೆ ತಾನಾಗಿಯೇ ತನಿಖೆ ಆಗಬೇಕು. ತನಿಖೆ ಕಡ್ಡಾಯ, ಶಿಕ್ಷೆ ಕಡ್ಡಾಯ ಅಲ್ಲ. ಕೋಚ್ ಬಂದು ಉತ್ತರ ಹೇಳಲೇಬೇಕು. ಅವನ ಕೈ ಎಲ್ಲಿತ್ತೋ ಅಲ್ಲಿಗಷ್ಟೇ ಶಿಕ್ಷೆ. ನಮ್ಮ ಶಾಲಾ ಆಟಕ್ಕೆ ಇದಕ್ಕಿಂತ ಸರಿಯಾದ ಅಳತೆ ನನಗೆ ಕಂಡಿಲ್ಲ.

ಹಾಗೆ ಅಳೆದರೆ ಈ ಕೋಚ್‌ನ ಕೈ ಎಲ್ಲಿತ್ತು? ಸಿಟ್ಟಿನಲ್ಲಿ ಎರಡು ಅರ್ಥದ ಮಾತು ಆಡಿದ. ಎಂಥ ಹುಡುಗ ಅಂತ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಅವನ ಎದುರಿಗೇ ಆಡಿದ. ಇದು ಅವನ ಪಾಲು, ಸಣ್ಣದಲ್ಲ. 6ನೇ ನಂಬರ್ ಓಡುವಾಗ ಸುಮ್ಮನೆ ನಿಂತ ಅಂತ ದೂರಿನಲ್ಲಿತ್ತು. ಅದನ್ನು ನಾನು ಒಪ್ಪಲಿಲ್ಲ. ಆ ಎರಡು ಸೆಕೆಂಡಿನಲ್ಲಿ ನಾನೂ ಪೆನ್ನು ಹಿಡಿದು ಕೂತೇ ಇದ್ದೆ. ಬಿದ್ದ ಮೇಲೆ ಮೊದಲು ಓಡಿದವನು ಅವನೇ, ಮ್ಯಾಚ್ ಪಾಯಿಂಟ್ ಬಿಟ್ಟು.

ತೀರ್ಮಾನ

6ನೇ ನಂಬರ್‌ಗೆ ಆ ವರ್ಷ ಪೂರ್ತಿ ಶಾಲಾ ಕ್ರೀಡೆಯಿಂದ ನಿಷೇಧ. ಇದರಲ್ಲಿ ಮೂವರಿಗೂ ಒಂದೇ ಮಾತು. ತಂಡ ಜಿಲ್ಲಾ ಮಟ್ಟಕ್ಕೆ ಹೋಗಬಹುದು, ಯಾಕೆಂದರೆ ನಿಯಮದಂತೆ ಆಡಿ ಗೆದ್ದಿದೆ. ಎದುರಾಳಿ ಶಾಲೆಗೆ ಇದು ನುಂಗಲಾರದ ತುತ್ತು, ನನಗೂ ಗಂಟಲಲ್ಲೇ ಇದೆ.

ಕೋಚ್ ಜಿಲ್ಲಾ ಮಟ್ಟದಲ್ಲಿ ಬೆಂಚಿನಲ್ಲಿ ಕೂರಬಾರದು, ಲಿಖಿತ ಎಚ್ಚರಿಕೆ. ಇದಕ್ಕೂ ನಾನು ಸಹಿ ಹಾಕಿದೆ. ಕೆಳಗೆ ಇನ್ನೊಂದು ಪ್ಯಾರಾ ಬರೆದೆ. ಬೇಡ ಅಂದ ಆಟಗಾರನನ್ನು ಆಡಿಸು ಅಂದದ್ದು ಯಾಕೆ ಅಂತ ಆ ಶಾಲೆಯ ಹೆಡ್ ಮಾಸ್ತರ್ ವಿವರಣೆ ಕೊಡಬೇಕು, ಲೈನ್‌ಮನ್‌ನ ಚಿಕಿತ್ಸೆ ಖರ್ಚು ಶಾಲೆಯದು, ಕೋರ್ಟಿನ ಬದಿಯ ಫರಸಿ ತೆಗೆಸದೆ ಇದ್ದದ್ದಕ್ಕೆ ಪಂದ್ಯ ನಡೆಸಿದ ನಮಗೂ ನೋಟಿಸ್ ಬರಬೇಕು. ಟೀಚರ್ ಸಹಿ ಹಾಕಿದರು. ಹೆಡ್ ಮಾಸ್ತರ್ ‘ಇದು ನಮ್ಮ ವ್ಯಾಪ್ತಿಗಿ ಬರಲ್ಲ’ ಅಂತ ಪಕ್ಕದಲ್ಲಿ ಬರೆದರು. ಇಬ್ಬರು ಒಂದು ಕಡೆ, ಒಬ್ಬರು ಒಂದು ಕಡೆ. ಆದರೂ ಹೊರಬಿದ್ದ ಆದೇಶದಲ್ಲಿ ಆ ಪ್ಯಾರಾ ಇರಲಿಲ್ಲ.

ಆಮೇಲೆ

ಜಿಲ್ಲಾ ಮಟ್ಟದ ದಿನ ಕೋಚ್ ಹಗ್ಗದಾಚೆ ಜನರ ನಡುವೆ ನಿಂತಿದ್ದ. ಬೆಂಚಿನಲ್ಲಿ ಕೂತವರು ಆ ಶಾಲೆಯ ಗಣಿತದ ಮಾಸ್ತರ್, ವಾಲಿಬಾಲ್ ಗೊತ್ತಿಲ್ಲದವರು. ಟೈಮ್‌ಔಟ್ ತಗೊಂಡರು, ಹುಡುಗರಿಗೆ ನೀರು ಕೊಟ್ಟರು, ಮಾತಾಡಲು ಏನೂ ಇರಲಿಲ್ಲ. 1ನೇ ನಂಬರ್ ಏನೋ ಹೇಳುತ್ತಿದ್ದ, ಉಳಿದವರು ಹಗ್ಗದ ಕಡೆ ನೋಡುತ್ತಿದ್ದರು. ಎರಡನೇ ಪಂದ್ಯದಲ್ಲೇ ಸೋತರು.

ಚಿಕಿತ್ಸೆಗೆ ದುಡ್ಡು ಕೊಟ್ಟದ್ದು ಯಾರು ಅಂತ ನನಗೆ ತಡವಾಗಿ ಗೊತ್ತಾಯಿತು. ಅರ್ಧ ಆ ಕೋಚ್, ಅರ್ಧ 6ನೇ ನಂಬರಿನ ಮುತ್ಯಾ, ಒಂದು ಮೇಕೆ ಮಾರಿ. ಶಾಲೆಯಿಂದ ಏನೂ ಹೋಗಲಿಲ್ಲ. ಗೆದ್ದ ಶೀಲ್ಡ್ ಮಾತ್ರ ಹೆಡ್ ಮಾಸ್ತರ್ ಕೋಣೆಯ ಕಪಾಟಿನಲ್ಲಿದೆ.

ಮುಂದಿನ ಜೂನ್‌ನಲ್ಲಿ ಅತಿಥಿ ಶಿಕ್ಷಕರ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಕಾರಣ ಬರೆದು ಕೊಡುವ ಪದ್ಧತಿಯೂ ಇಲ್ಲ. ಈಗ ಕಲಬುರಗಿಯಲ್ಲಿ ಒಂದು ಖಾಸಗಿ ಶಾಲೆಯಲ್ಲಿದ್ದಾನೆ. ಹೋದ ತಿಂಗಳು ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಹೊರಗೆ ಚಹಾ ಅಂಗಡಿಯಲ್ಲಿ ಸಿಕ್ಕ. 6ನೇ ನಂಬರ್ ಆಗಾಗ ಫೋನ್ ಮಾಡುತ್ತಾನಂತೆ, ಐಟಿಐ ಸೇರಿದ್ದಾನಂತೆ.

ಈ ವರ್ಷದ ತಾಲ್ಲೂಕು ಪಂದ್ಯಗಳ ಮೊದಲಿನ ಸಭೆಯಲ್ಲಿ ನಾನು ಒಂದು ಸಲಹೆ ಇಟ್ಟೆ. ಶಿಸ್ತಿನ ಕಾರಣಕ್ಕೆ ಕೋಚ್ ಕೈಬಿಟ್ಟ ಆಟಗಾರನನ್ನು ಬೇರೆ ಯಾರೂ ಸೇರಿಸಬಾರದು, ಸೇರಿಸಿದರೆ ಆ ಪಟ್ಟಿಗೆ ಸೇರಿಸಿದವರೇ ಸಹಿ ಹಾಕಿ ಬೆಂಚಿನಲ್ಲಿ ಕೂರಬೇಕು. ಪಿಟಿ ಮಾಸ್ತರರು ಬಹಳ ಜನ ಕೈ ಎತ್ತಿದರು. ಹೆಡ್ ಮಾಸ್ತರರಲ್ಲಿ ಇಬ್ಬರು. ಮುಂದಿನ ಸಭೆಯಲ್ಲಿ ನೋಡೋಣ ಅಂತ ಬರೆದುಕೊಂಡರು. ಫರಸಿ ಮಾತ್ರ ಈ ಸಲ ನಾನೇ ಬೆಳಿಗ್ಗೆ ನಿಂತು ತೆಗೆಸಿದೆ.